ಕಾರಿನಲ್ಲೇ ಕೂತಿದ್ದ ಐದನೆಯವ: ಬೆಳ್ಳಾರೆ ಖಜಾನೆಯಿಂದ ಕಾಕೋರಿ ರೈಲಿನವರೆಗೆ

ಪುತ್ತೂರು ಕೋರ್ಟಿನ ಜಗಲಿಯಲ್ಲಿ ಒಂದು ಬೆಳಿಗ್ಗೆ ಯಾವುದೋ ಕೇಸಿನ ಆದೇಶಕ್ಕೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕೈಯ ನೋಟ್‌ಬುಕ್ ನೋಡಿ "ನೀವು ಪೇಪರಿನವರಾ?" ಎಂದು ಕೇಳಿದರು. ಹೌದು ಎಂದೆ. ವಕೀಲರನ್ನು ಕಾಣಲು ಬಂದಿದ್ದರಂತೆ. ಮಗ ಘಟ್ಟದ ಮೇಲಿನ ಒಂದು ಜೈಲಿನಲ್ಲಿದ್ದಾನೆ. ಊರು, ಕೇಸು ಯಾವುದೆಂದು ಇಲ್ಲಿ ಬರೆಯುವುದಿಲ್ಲ.

"ಅವ ಕಾರಿಂದ ಇಳಿಯಲೇ ಇಲ್ಲ ಮಾರಾಯ್ರೆ. ಒಳಗೆ ಹೋದದ್ದು ಬೇರೆ ನಾಲ್ಕು ಜನ. ಸತ್ತವರ ಮುಖ ಸಹ ಇವ ನೋಡಿಲ್ಲ. ಮತ್ತೆ ಇವನಿಗೆ ಯಾಕೆ ಕೊಲೆ ಕೇಸು?"

"ಸೆಕ್ಷನ್ ಹಾಗೆ ಉಂಟು" ಎಂದು ಹೇಳಿ ಸುಮ್ಮನಾದೆ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕ್ರೈಂ ಸುದ್ದಿ ಕಳಿಸಿದವ ನಾನು. "ಐಪಿಸಿ 396ರ ಅಡಿ ಪ್ರಕರಣ ದಾಖಲಾಗಿದೆ" ಎಂದು ಎಷ್ಟು ಸಲ ಟೈಪ್ ಮಾಡಿದ್ದೇನೋ. ಅದು ಯಾಕೆ ಹಾಗಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಹಿರಿಯರಿಗೆ ಕೊಡಬೇಕಿದ್ದ ಉತ್ತರವನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇದು. ಹುಡುಕಾಟ ಸುತ್ತಿ ಬಳಸಿ ನಮ್ಮ ಬೆಳ್ಳಾರೆಯನ್ನೂ ಮುಟ್ಟಿತು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಒಬ್ಬನಿಂದ ನಾಲ್ವರವರೆಗೆ ಸೇರಿ ಹೊಡೆದು ಬೆದರಿಸಿ ಕಿತ್ತುಕೊಂಡರೆ ಅದು ಸುಲಿಗೆ. ಐದು ಜನ ಆದ ಕೂಡಲೇ ಡಕಾಯಿತಿ. ಪತ್ರಿಕೆಯಲ್ಲಿ ನಾವು ಎಲ್ಲದಕ್ಕೂ ದರೋಡೆ ಎಂದೇ ಬರೆದುಬಿಡುತ್ತೇವೆ, ಅದು ನಮ್ಮ ಸೋಮಾರಿತನ. ಐದು ಅಥವಾ ಹೆಚ್ಚು ಜನ ಒಟ್ಟಾಗಿ ಡಕಾಯಿತಿ ಮಾಡುವಾಗ ಅವರಲ್ಲಿ ಯಾರೋ ಒಬ್ಬ ಕೊಲೆ ಮಾಡಿದರೆ, ಅವರಲ್ಲಿ ಪ್ರತಿಯೊಬ್ಬನೂ ಮರಣದಂಡನೆ, ಜೀವಾವಧಿ ಅಥವಾ ಕಠಿಣ ಸಜೆಗೆ ಗುರಿ. ಇದು ಐಪಿಸಿಯ 396. ಕಳೆದ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದೇ 310(3) ಆಗಿದೆ. ವಾಕ್ಯ ಹೆಚ್ಚುಕಡಿಮೆ ಹಾಗೆಯೇ ಇದೆ, ಒಂದು ಕಡೆ ಮಾತ್ರ ಬದಲಾವಣೆ. ಹಳೆಯದರಲ್ಲಿ ಕಠಿಣ ಸಜೆ "ಹತ್ತು ವರ್ಷದವರೆಗೆ" ಎಂದಿತ್ತು, ಹೊಸದರಲ್ಲಿ "ಹತ್ತು ವರ್ಷಕ್ಕೆ ಕಡಿಮೆಯಿಲ್ಲದ" ಎಂದಿದೆ. ಮೊದಲು ಅತಿ ಹೆಚ್ಚು ಎಂದಿದ್ದದ್ದು ಈಗ ಅತಿ ಕಡಿಮೆ.

ಹಾಗಾದರೆ ಯಾರು ಕೊಂದರು ಎಂಬ ಪ್ರಶ್ನೆಯೇ ಇಲ್ಲವೇ? ಅಪರಾಧ ಸಾಬೀತಾಗುವ ಮಟ್ಟಿಗೆ ಇಲ್ಲ. ಇದಕ್ಕೆ ಕಾರಣ ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟದ ನಡುವೆ ಒಂಟಿ ಮನೆ, ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಇಬ್ಬರೇ ಪ್ರಾಯದವರು. ರಾತ್ರಿ ಎರಡು ಗಂಟೆಗೆ ಮುಸುಕು ಹಾಕಿದವರು ಬಾಗಿಲು ಒಡೆದು ನುಗ್ಗುತ್ತಾರೆ. ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕುತ್ತಾರೆ. ಬೆಳಕಾದಾಗ ಒಬ್ಬರು ಉಸಿರುಗಟ್ಟಿ ಸತ್ತಿರುತ್ತಾರೆ. ಬದುಕಿ ಉಳಿದವರನ್ನು ಕಟಕಟೆಗೆ ಕರೆದು, ಬಟ್ಟೆ ತುರುಕಿದವ ಉದ್ದದವನಾ ಗಿಡ್ಡದವನಾ ಎಂದು ಕೇಳಿದರೆ ಏನು ಹೇಳಿಯಾರು? ಐದು ಜನವೂ "ನಾನಲ್ಲ, ಅವನು" ಎಂದು ಒಬ್ಬರ ಮೇಲೊಬ್ಬರು ಹಾಕಿ ಐದು ಜನವೂ ಹೊರಗೆ ಬರಬಹುದಿತ್ತು. 396 ಆ ದಾರಿ ಮುಚ್ಚುತ್ತದೆ.

ಆದರೆ ಒಬ್ಬನ ಕೃತ್ಯಕ್ಕೆ ಸುತ್ತಲಿನ ಎಷ್ಟು ಜನರನ್ನು ಹೊಣೆ ಮಾಡಬಹುದು? ಆ ಗೆರೆಯನ್ನು ಆಳುವವರು ಒಂದೊಂದು ಕಾಲಕ್ಕೆ ಒಂದೊಂದು ಕಡೆ ಎಳೆದಿದ್ದಾರೆ. 1772ರಲ್ಲಿ ಬಂಗಾಳದಲ್ಲಿ ವಾರನ್ ಹೇಸ್ಟಿಂಗ್ಸ್ ಮಾಡಿದ ನಿಯಮ ಓದಿದರೆ ಮೈ ಜುಮ್ಮೆನ್ನುತ್ತದೆ. ಡಕಾಯಿತನನ್ನು ಅವನ ಊರಿಗೇ ಒಯ್ದು ಅಲ್ಲೇ ನೇಣು ಹಾಕಬೇಕು, ಊರಿಗೆ ದಂಡ ಹಾಕಬೇಕು, ಹೆಂಡತಿ ಮಕ್ಕಳು ಸರ್ಕಾರದ ಗುಲಾಮರಾಗಬೇಕು. ಹೊಣೆ ಇಡೀ ಮನೆಗೂ ಊರಿಗೂ ಬಂತು. ಆಮೇಲೆ 1836ರ ಠಗ್ಗಿ ಕಾಯಿದೆ. ಅಲ್ಲಿ ಇಂಥ ದಿನ ಇಂಥವನನ್ನು ಕೊಂದೆ ಎಂದು ತೋರಿಸಬೇಕಾಗಿಯೇ ಇರಲಿಲ್ಲ. ಠಗ್ಗರ ಗುಂಪಿಗೆ ಸೇರಿದವ ಎಂದು ಸಾಬೀತಾದರೆ ಸಾಕು, ಜೀವನಪರ್ಯಂತ ಕಠಿಣ ಸಜೆ. ಆ ಕಾಯಿದೆ ಬರುವ ಮೊದಲೇ ಗುಂಪಿನಲ್ಲಿ ಇದ್ದವನೂ ಸಿಕ್ಕಿಬೀಳುತ್ತಿದ್ದ.

ಅದರ ಮರುವರ್ಷವೇ, 1837ರಲ್ಲಿ, ನಮ್ಮ ಮಣ್ಣಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ ನಡೆಯಿತು.

ಈ ಹೆಸರನ್ನೇ ಸ್ವಲ್ಪ ಗಮನಿಸಿ. ಇಂದು ಭಾಷಣಗಳಲ್ಲಿ ನಾವು ಅಮರ ಸುಳ್ಯ ಸ್ವಾತಂತ್ರ್ಯ ಸಮರ ಎನ್ನುತ್ತೇವೆ. ಅಜ್ಜಂದಿರ ಬಾಯಲ್ಲಿ ಅದು ಕಾಟಕಾಯಿ. ಆ ಮಾತಿನಲ್ಲಿ ಕೊಳ್ಳೆಯ, ಕಾಟದ ವಾಸನೆ ಇದೆ. ದಂಡು ಹೋದ ದಾರಿಯಲ್ಲಿ ಮನೆ ಬಾಗಿಲು ಹಾಕಿಕೊಂಡು ಕೂತವರೂ ಇದ್ದಿರಬೇಕು, ಹೆಸರು ಉಳಿದದ್ದು ಅವರಿಂದಲೋ ಏನೋ.

ಕಾರಣ ತೆರಿಗೆ. ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳು ಮೊದಲು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲೇ ಕಂದಾಯ ಕೊಡಬಹುದಿತ್ತು. ಕಂಪನಿ ನಗದು ಕೇಳಿತು. ಭತ್ತ ಬೆಳೆಯುವವನ ಕೈಯಲ್ಲಿ ನಗದು ಎಲ್ಲಿಂದ? ಸಾಲ ಕೊಡುವವನ ಮನೆ ಜಗಲಿಯಿಂದ. ಉಪ್ಪು, ಹೊಗೆಸೊಪ್ಪು ಕೂಡ ಕಂಪನಿಯ ಹಿಡಿತದಲ್ಲಿ.

ಕೆದಂಬಾಡಿ ರಾಮಯ್ಯ ಗೌಡರು, ಕೂಜುಗೋಡು ಸಹೋದರರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮೊದಲಾದವರು ಸೇರಿದರು. ಪುಟ್ಟಬಸಪ್ಪನನ್ನು ಕಲ್ಯಾಣಸ್ವಾಮಿ ಎಂದು ಮುಂದಿಟ್ಟರು. ಪೂಮಲೆಯಲ್ಲಿ ಜನ ಜಮಾಯಿಸಿದರು. ಕಂಪನಿಯ ಪರ ಇದ್ದ ಅಟ್ಲೂರು ರಾಮಪ್ಪಯ್ಯನನ್ನು ಕೊಂದರು. ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡರು. ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ಸೇರಿ, ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು ಎನ್ನುತ್ತಾರೆ. ಆಮೇಲೆ ಕಂಪನಿಯ ಸೈನ್ಯ ಬಂತು.

ಅವರನ್ನು ಡಕಾಯಿತರೆಂದು ನಾನು ಹೇಳುತ್ತಿಲ್ಲ. ಆದರೆ ಬರೀ ಘಟನೆಯನ್ನು ಒಂದು ಎಫ್‌ಐಆರ್‌ನಂತೆ ಬರೆದು ನೋಡಿ: ಗುಂಪು ಸೇರಿದರು, ಒಬ್ಬ ಮನುಷ್ಯನನ್ನು ಕೊಂದರು, ಖಜಾನೆ ತೆಗೆದುಕೊಂಡರು. ರಾಮಪ್ಪಯ್ಯನಿಗೆ ಕತ್ತಿ ಬೀಸಿದ ಕೈ ಯಾರದ್ದು ಎಂಬುದು ಕಂಪನಿಗೆ ಮುಖ್ಯವಾಗಲಿಲ್ಲ. ದಂಡಿನಲ್ಲಿ ಮುಂದೆ ನಿಂತದ್ದೇ ಸಾಕಾಯಿತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮುಂತಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ. ಕೆಲವರನ್ನು ಕಡಲಾಚೆ ಸಾಗಿಸಿದರು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಏಳಲು 2022ರ ನವೆಂಬರ್ ಬರಬೇಕಾಯಿತು.

ಅಪ್ಪಯ್ಯ ಗೌಡರನ್ನು ನೇಣಿಗೆ ಹಾಕಿದ ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಮೆಕಾಲೆ ತನ್ನ ದಂಡಸಂಹಿತೆಯ ಕರಡನ್ನು ಗವರ್ನರ್ ಜನರಲ್‌ಗೆ ಒಪ್ಪಿಸಿದ. ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಪಾಟಿನಲ್ಲಿ ಕೂತಿತು, ತಿದ್ದುಪಡಿಯಾಯಿತು, 1857 ಕಳೆದ ಮೇಲೆ ಎಚ್ಚರವಾಯಿತು. 1860ರಲ್ಲಿ ಪಾಸಾಗಿ 1862ರ ಜನವರಿ 1ರಂದು ಜಾರಿಗೆ ಬಂತು. ಡಕಾಯಿತಿಗೆ ಐದು ಜನ ಎಂಬ ಲೆಕ್ಕ, ಒಬ್ಬ ಕೊಂದರೂ ಪ್ರತಿಯೊಬ್ಬನೂ ಹೊಣೆ ಎಂಬ ಮಾತು ಅದರಲ್ಲಿ ಬಂತು. ಹೇಸ್ಟಿಂಗ್ಸನ ಊರು, ಹೆಂಡತಿ, ಮಕ್ಕಳು ಗೆರೆಯಿಂದ ಹೊರಗೆ ಹೋದರು. ಗುಂಪಿಗೆ ಸೇರಿದ್ದೇ ತಪ್ಪು ಎಂಬ ಠಗ್ಗಿ ಕಾಯಿದೆಯ ಲೆಕ್ಕ ಬೇರೆ ಸೆಕ್ಷನ್‌ಗಳಲ್ಲಿ ಉಳಿಯಿತು, ಅಲ್ಲಿ ನೇಣಿಲ್ಲ. ನೇಣಿನ ಗೆರೆ ಆ ಹೊತ್ತು ಆ ಕೃತ್ಯದಲ್ಲಿ ಇದ್ದವರ ಸುತ್ತ ಮಾತ್ರ ಬಿತ್ತು. ನನಗೆ ಕಂಡಂತೆ ಅದು ದೊಡ್ಡ ಬದಲಾವಣೆ. ಆದರೆ ಆ ಚಿಕ್ಕ ಗೆರೆಯೊಳಗೆ ಕತ್ತಿ ಹಿಡಿದವನಿಗೂ ಚೀಲ ಹಿಡಿದವನಿಗೂ ವ್ಯತ್ಯಾಸ ಇಲ್ಲ.

ಈ ಸೆಕ್ಷನ್‌ನ ಬಾಯಿಗೆ ಬಿದ್ದವರಲ್ಲಿ ನಿಮಗೆಲ್ಲ ಗೊತ್ತಿರುವ ಹೆಸರುಗಳಿವೆ. ಶಾಲೆಯಲ್ಲಿ ಓದಿದ್ದೀರಿ, ಸೆಕ್ಷನ್ ನಂಬರ್ ಮಾತ್ರ ಹೇಳಿಕೊಟ್ಟಿರಲಿಕ್ಕಿಲ್ಲ. 1925ರ ಆಗಸ್ಟ್ 9ರಂದು ಲಕ್ನೋ ಹತ್ತಿರದ ಕಾಕೋರಿಯಲ್ಲಿ ಕ್ರಾಂತಿಕಾರಿಗಳು ಪ್ಯಾಸೆಂಜರ್ ರೈಲು ನಿಲ್ಲಿಸಿ ಸರ್ಕಾರದ ಹಣ ತೆಗೆದುಕೊಂಡರು. ಹತ್ತು ಜನ ಇದ್ದರು, ರಾಮಪ್ರಸಾದ್ ಬಿಸ್ಮಿಲ್ ಮುಂದಾಳು. ಸಿಕ್ಕಿದ್ದು ಐದು ಸಾವಿರ ರೂಪಾಯಿಗೂ ಕಡಿಮೆ. ಯಾರನ್ನೂ ಕೊಲ್ಲುವ ಉದ್ದೇಶ ಇರಲಿಲ್ಲ. ಆದರೆ ಗುಂಪಿನಲ್ಲಿ ಹದಿಹರೆಯದ ಮನ್ಮಥನಾಥ ಗುಪ್ತ ಇದ್ದರು. ಅವರ ಕೈಯಲ್ಲಿದ್ದ ಪಿಸ್ತೂಲು ಅಕಸ್ಮಾತ್ತಾಗಿ ಹಾರಿತು. ರೈಲಿನ ಒಬ್ಬ ಪ್ರಯಾಣಿಕ ಸತ್ತ.

ಆ ಒಂದು ಗುಂಡು ಕೇಸಿನ ಬಣ್ಣವನ್ನೇ ಬದಲಿಸಿತು. ಸರ್ಕಾರ ಹಾಕಿದ ಸೆಕ್ಷನ್‌ಗಳು 121ಎ, 120ಬಿ ಮತ್ತು 396. ಮೊದಲನೆಯದು ಸರ್ಕಾರದ ವಿರುದ್ಧ ಯುದ್ಧ ಹೂಡುವ ಒಳಸಂಚು. ಕೇಳಲು ಭಯಂಕರ, ಆದರೆ ಅದರಲ್ಲಿ ಮರಣದಂಡನೆ ಇಲ್ಲ, ಹೆಚ್ಚೆಂದರೆ ಜೀವಾವಧಿ. ನೇಣಿನ ಹಗ್ಗ ಬಂದದ್ದು 396ರಿಂದ, ಕೊಲೆ ಸಹಿತ ಡಕಾಯಿತಿಯಿಂದ. ಬ್ರಿಟಿಷರಿಗೆ ಇದರಲ್ಲಿ ಇನ್ನೊಂದು ಲಾಭವೂ ಇತ್ತು. ದೇಶಭಕ್ತರನ್ನಲ್ಲ, ಡಕಾಯಿತರನ್ನು ನೇಣಿಗೆ ಹಾಕಿದೆವು ಎಂದು ಹೇಳಿಕೊಳ್ಳಬಹುದಿತ್ತು.

ಮುಂದೆ ಏನಾಯಿತು ಎಂದರೆ, 1927ರ ಡಿಸೆಂಬರಿನಲ್ಲಿ ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರಾಜೇಂದ್ರ ಲಾಹಿರಿ, ರೋಷನ್ ಸಿಂಗ್ ನಾಲ್ವರೂ ನೇಣಿಗೇರಿದರು. ಗುಂಡು ಹಾರಿದ್ದು ಯಾರ ಕೈಯಿಂದಲೋ ಆ ಮನ್ಮಥನಾಥರಿಗೆ ಪ್ರಾಯ ಚಿಕ್ಕದೆಂದು ಹದಿನಾಲ್ಕು ವರ್ಷ ಸಜೆ. ಅವರು ಸ್ವಾತಂತ್ರ್ಯ ಬಂದ ಮೇಲೂ ಬದುಕಿದ್ದು ಈ ಕಥೆಯನ್ನು ಸ್ವತಃ ಬರೆದರು. ರೋಷನ್ ಸಿಂಗ್ ಆ ದಿನ ರೈಲಿನ ಹತ್ತಿರ ಇರಲೇ ಇಲ್ಲ. 1924ರಲ್ಲಿ ನಡೆದ ಬೇರೊಂದು ಡಕಾಯಿತಿಯಲ್ಲಿ ಆದ ಸಾವು ಅವರ ತಲೆಗೆ ಬಂತು. ನಮ್ಮ ಹಿರಿಯರ ಪ್ರಶ್ನೆಯನ್ನು ಬಿಸ್ಮಿಲರ ತಾಯಿ ಕೇಳಿದ್ದರೂ ಸಲ್ಲುತ್ತಿತ್ತು.

ನಮ್ಮ ಜಿಲ್ಲೆಯದ್ದೇ ಇನ್ನೊಂದು ಪ್ರಕರಣ ಹೇಳದೆ ಹೋಗಲಾರೆ. ಅದು ದರೋಡೆಯಲ್ಲ, ಆದರೆ ಹೊಣೆಯ ಲೆಕ್ಕ ಅಂಥದ್ದೇ. ಆಗ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸ್ ಪೇದೆಯೊಬ್ಬ ಹೊಳೆಗೆ ಹಾರಿ ಸತ್ತ. ಕಲ್ಲು ಎಸೆದವರು ಯಾರು, ಬರೀ ನಡೆದವರು ಯಾರು ಎಂದು ಆ ಜನಜಂಗುಳಿಯಲ್ಲಿ ಹೇಳುವುದು ಹೇಗೆ? ವಿಚಾರಣೆ ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಐದನೆಯವ ಪ್ರಾಯಕ್ಕೆ ಬಾರದವನೆಂದು ಉಳಿದ. ಇದನ್ನು 'ಚಿರಸ್ಮರಣೆ' ಕಾದಂಬರಿಯಾಗಿ ಬರೆದ ನಿರಂಜನರು ಸುಬ್ರಹ್ಮಣ್ಯದ ಪಕ್ಕದ ಕುಳಕುಂದದವರು, ಈಗ ಅದು ಕಡಬ ತಾಲೂಕು. 1837ರ ದಂಡಿನ ಮೇಲೆ 'ಕಲ್ಯಾಣಸ್ವಾಮಿ' ಬರೆದವರೂ ಅವರೇ. ಗುಂಪಿನ ಜೊತೆ ನಡೆದವನ ತಲೆಗೆ ಏನು ಬರುತ್ತದೆ ಎಂಬುದು ಅವರನ್ನು ಎರಡು ಸಲ ಕಾಡಿರಬೇಕು.

ಈಗ ಕಾರಿನಲ್ಲಿ ಕೂತವನ ವಿಚಾರಕ್ಕೆ ಬರುತ್ತೇನೆ. ಗೊತ್ತಿದ್ದ ಇಬ್ಬರು ವಕೀಲರ ತಲೆ ತಿಂದು ತಿಳಿದುಕೊಂಡದ್ದು ಇಷ್ಟು.

ಡಕಾಯಿತಿಯ ವ್ಯಾಖ್ಯೆಯಲ್ಲೇ ಸ್ಥಳದಲ್ಲಿದ್ದು ಸಹಾಯ ಮಾಡುವವರನ್ನೂ ಎಣಿಕೆಗೆ ಸೇರಿಸಿದ್ದಾರೆ. ಗೇಟಿನಲ್ಲಿ ಕಾವಲು ನಿಂತವ, ನಾಯಿಗೆ ಬಿಸ್ಕೆಟ್ ಹಾಕಿದವ, ಕಾರು ಚಾಲೂ ಇಟ್ಟು ಕಾದವ, ಎಲ್ಲರೂ ಐದರ ಲೆಕ್ಕಕ್ಕೆ ಬರಬಹುದು. ಒಳಗೆ ಕೊಲೆ ಆಗುತ್ತದೆ ಎಂದು ಅವನಿಗೆ ಗೊತ್ತಿರಬೇಕು ಎಂದು ಕಾನೂನು ಕೇಳುವುದಿಲ್ಲ. ದರೋಡೆಗೆ ಹೋಗುತ್ತಿದ್ದೇವೆ ಎಂದು ಗೊತ್ತಿದ್ದು ಜೊತೆಗೆ ಇದ್ದರೆ ಸಾಕು. ಅದೂ ಗೊತ್ತಿರದೆ ಬಾಡಿಗೆಗೆ ಕರೆದಲ್ಲಿಗೆ ಹೋದ ಟ್ಯಾಕ್ಸಿಯವನಾದರೆ ಆ ಮಾತೇ ಬೇರೆ, ಅವನು ಡಕಾಯಿತಿಯಲ್ಲಿ ಪಾಲುದಾರನೇ ಅಲ್ಲ. ಹಾಗಾಗಿ ಇಡೀ ಕೇಸು ಬಹಳ ಸಲ ಅವನಿಗೆ ಏನು ಗೊತ್ತಿತ್ತು, ಕಾರು ಎಷ್ಟು ದೂರದಲ್ಲಿತ್ತು, ಮೊದಲು ಯಾರಿಗೆ ಯಾರು ಫೋನ್ ಮಾಡಿದ್ದರು ಎಂಬುದರ ಮೇಲೆ ನಿಲ್ಲುತ್ತದೆ.

ಊರಲ್ಲೇ ಕೂತು "ಆ ಮನೆಯಲ್ಲಿ ಅಡಿಕೆ ಮಾರಿದ ದುಡ್ಡು ಉಂಟು" ಎಂದು ಸುಳಿವು ಕೊಟ್ಟವ? ಸ್ಥಳದಲ್ಲಿ ಇಲ್ಲದವ ಈ ಸೆಕ್ಷನ್‌ಗೆ ನೇರವಾಗಿ ಬರುವುದಿಲ್ಲ. ಒಳಸಂಚು, ಪ್ರಚೋದನೆಯ ಸೆಕ್ಷನ್‌ಗಳು ಅವನಿಗಾಗಿಯೇ ಇವೆ. ಡಕಾಯಿತಿಯ ಮಾಲು ಎಂದು ಗೊತ್ತಿದ್ದೂ ಚಿನ್ನ ಇಟ್ಟುಕೊಂಡವನಿಗೆ ಜೀವಾವಧಿವರೆಗೆ ಆಗಬಹುದು.

ಓಡಿಹೋಗುವಾಗ ಆದ ಕೊಲೆ? ಉತ್ತರಪ್ರದೇಶದ ಒಂದು ಪ್ರಕರಣದಲ್ಲಿ ಡಕಾಯಿತರು ಏನೂ ಸಿಗದೆ ಓಡಿದರು. ಊರವರು ಬೆನ್ನಟ್ಟಿದರು. ಕಂದಕ ದಾಟುವಲ್ಲಿ ಒಬ್ಬ ಹಳ್ಳಿಗ ಒಬ್ಬ ಡಕಾಯಿತನನ್ನು ಹಿಡಿದುಕೊಂಡ, ಜೊತೆಗಿದ್ದವ ಆ ಹಳ್ಳಿಗನಿಗೆ ಗುಂಡು ಹೊಡೆದ. ಅದೂ ಡಕಾಯಿತಿಯ ಭಾಗವೇ ಎಂದು 1950ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲೂ ಕಳ್ಳರು ಬಂದರೆಂದು ಫೋನ್ ಬಂದರೆ ಟಾರ್ಚು, ಕತ್ತಿ ಹಿಡಿದು ಹತ್ತು ಜನ ಓಡುವುದು ಇದೆಯಲ್ಲ, ಅಂಥವರಿಗೆ ಸೇರಿದ ತೀರ್ಪು ಅದು.

ಇನ್ನು ಐದು ಎಂಬ ಸಂಖ್ಯೆ. ಪತ್ರಿಕೆಯಲ್ಲಿ "ದರೋಡೆಗೆ ಹೊಂಚು: ನಾಲ್ವರ ಬಂಧನ, ಒಬ್ಬ ಪರಾರಿ" ಎಂದು ಓದಿರುತ್ತೀರಿ. ಆ ಒಬ್ಬ ಪರಾರಿ ಇಲ್ಲದಿದ್ದರೆ ಸೆಕ್ಷನ್ ನಿಲ್ಲುವುದಿಲ್ಲ. ಕೆಲವೊಮ್ಮೆ ಅವನು ನಿಜವಾಗಿ ಇರುತ್ತಾನೆ, ಕೆಲವೊಮ್ಮೆ ಇದ್ದನೇ ಎಂದು ನಮಗೇ ಅನುಮಾನ ಬರುತ್ತದೆ. ಕೋರ್ಟಿನಲ್ಲಿ ಆರು ಜನರ ಮೇಲೆ ಕೇಸು ಹಾಕಿ ಮೂವರು ಖುಲಾಸೆಯಾದರೆ ಉಳಿದ ಮೂವರನ್ನು ಡಕಾಯಿತರೆನ್ನಲು ಬರುವುದಿಲ್ಲ. ಆದರೆ ಗುರುತು ಸಿಗದ ಬೇರೆಯವರು ಸೇರಿ ಐದು ಜನ ಇದ್ದದ್ದು ಸಾಕ್ಷಿಯಿಂದ ಖಚಿತವಾದರೆ, ಮೂವರಿಗೂ ಶಿಕ್ಷೆ ಆಗಬಹುದು.

ಐದಕ್ಕಿಂತ ಕಡಿಮೆಯಾದರೆ ಪಾರಾದೆವು ಎಂದುಕೊಳ್ಳುವುದೂ ತಪ್ಪು. ರಾತ್ರಿ ಮನೆ ಮುರಿದು ನುಗ್ಗಿ ಒಬ್ಬ ಕೊಂದರೆ ಜೊತೆಗಿದ್ದವರೆಲ್ಲ ಹೊಣೆ ಎಂಬ ಬೇರೆ ಸೆಕ್ಷನ್ ಇದೆ, ಅದಕ್ಕೆ ಐದು ಜನ ಬೇಕಾಗಿಲ್ಲ. ಸಮಾನ ಉದ್ದೇಶದ ಸೆಕ್ಷನ್ 34 ಇತ್ತು, ಈಗ ನ್ಯಾಯ ಸಂಹಿತೆಯ 3(5). 1923ರಲ್ಲಿ ಕಲ್ಕತ್ತೆಯ ಶಂಕರಿತೊಲ ಅಂಚೆ ಕಚೇರಿಗೆ ಹಣ ದೋಚಲು ಹೋದವರು ಪೋಸ್ಟ್‌ಮಾಸ್ಟರನನ್ನು ಗುಂಡಿಟ್ಟು ಕೊಂದರು. ಸಿಕ್ಕಿಬಿದ್ದ ಬರೇಂದ್ರ ಕುಮಾರ್ ಘೋಷ್ "ನಾನು ಹೊರಗೆ ಅಂಗಳದಲ್ಲಿ ನಿಂತಿದ್ದೆ ಅಷ್ಟೇ" ಎಂದ. ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಕಾದು ನಿಲ್ಲುವುದೂ ಒಂದು ಕೆಲಸವೇ ಎಂದು ಅಲ್ಲಿ ತೀರ್ಮಾನವಾಯಿತು.

ಹಾಗಂತ ಎಲ್ಲರಿಗೂ ಒಂದೇ ಶಿಕ್ಷೆ ಎಂದೂ ಅಲ್ಲ. ಅಪರಾಧ ಎಲ್ಲರ ಮೇಲೂ ಒಂದೇ, ಶಿಕ್ಷೆ ಅಳೆಯುವಾಗ ಯಾರ ಪಾಲು ಎಷ್ಟು ಎಂದು ನ್ಯಾಯಾಧೀಶರು ನೋಡಬಹುದು. 1980ರ ಬಚನ್ ಸಿಂಗ್ ತೀರ್ಪಿನ ನಂತರ ಮರಣದಂಡನೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ದಂಡುಪಾಳ್ಯದ ಗ್ಯಾಂಗಿನ ಸಿನಿಮಾ ನೋಡಿದವರಿಗೆ ಇದು ರುಚಿಸಲಿಕ್ಕಿಲ್ಲ. ಆ ಕೇಸುಗಳಲ್ಲಿ ಕೆಳಗಿನ ಕೋರ್ಟ್ ಕೊಟ್ಟ ಹಲವು ಮರಣದಂಡನೆಗಳು ಮೇಲಿನ ಕೋರ್ಟಿನಲ್ಲಿ ಉಳಿಯಲಿಲ್ಲ. ಪೊಲೀಸರ ಎದುರು ಒಪ್ಪಿಕೊಂಡ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ, ನಾವು "ತಪ್ಪೊಪ್ಪಿಕೊಂಡಿದ್ದಾರೆ" ಎಂದು ಎಷ್ಟು ದೊಡ್ಡ ಹೆಡ್ಡಿಂಗ್ ಕೊಟ್ಟರೂ.

ಆ ಹಿರಿಯರು ಇನ್ನೊಮ್ಮೆ ಸಿಕ್ಕಿದರು, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ. ಸುಬ್ರಹ್ಮಣ್ಯದ ಬಸ್ಸಿಗೆ ಕಾಯುತ್ತಿದ್ದರು. ಇಷ್ಟನ್ನೂ ಹೇಳಲು ಹೊತ್ತಿರಲಿಲ್ಲ. ಎಲ್ಲಿಗೆ ಹೋಗುವುದೆಂದು ಮಗನಿಗೆ ಮೊದಲೇ ಗೊತ್ತಿತ್ತಾ ಎಂದು ಮಾತ್ರ ಕೇಳಿದೆ. ಅವರು ರಸ್ತೆ ಕಡೆ ನೋಡುತ್ತಾ ನಿಂತರು. "ಅದನ್ನು ಅವ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂದರು. ಬಸ್ಸು ಬಂತು, ಹತ್ತಿ ಹೋದರು.